ಮೂವತ್ತನೇ ಕಿಲೋಮೀಟರಿನ ಗೋಡೆ
ಮ್ಯಾರಥಾನ್‌ನಲ್ಲಿ 30 ಕಿಲೋಮೀಟರ್ ಆರಾಮಾಗಿ ಓಡಿದ್ರಿ. ಇದ್ದಕ್ಕಿದ್ದಂತೆ ಕಾಲು ಕಲ್ಲಿನಷ್ಟು ಭಾರ, ತಲೆ ಮಂಕು. ಓಟಗಾರರು ಇದನ್ನ ‘ಗೋಡೆ’ ಅಂತಾರೆ.

ಆಗಿದ್ದೇನು? ನಿನ್ನೆ ತಿಂದ ಅನ್ನ, ಮುದ್ದೆಯ ಸಕ್ಕರೆ ಅಂಶ ಗ್ಲೈಕೋಜನ್ ಆಗಿ ಸ್ನಾಯು, ಯಕೃತ್ತಿನಲ್ಲಿ ಕೂತಿರುತ್ತೆ. ಒಟ್ಟು ಸುಮಾರು ಅರ್ಧ ಕೆಜಿ, ಅಷ್ಟೇ. 42 ಕಿಲೋಮೀಟರಿಗೆ ಅದು ಸಾಲದೇ ಹೋಗಬಹುದು. ಕೊಬ್ಬೇನೋ ಬೇಕಾದಷ್ಟಿದೆ, ಹೊಟ್ಟೆ ಮುಟ್ಟಿ ನೋಡ್ಕೊಳ್ಳಿ! ಆದ್ರೆ ಅದು ಹಸಿ ಸೌದೆ ಥರ, ನಿಧಾನಕ್ಕೆ ಉರಿಯುತ್ತೆ. ವೇಗ ಬಿದ್ದೇ ಬೀಳುತ್ತೆ. ಶುರುವಿನಲ್ಲೇ ಹುರುಪಿನಿಂದ ನುಗ್ಗಿದವರಿಗೆ ಗೋಡೆ ಇನ್ನೂ ಬೇಗ ಸಿಗುತ್ತೆ.

ಸುಸ್ತಾದ ಮೇಲೆ ತಿಂದರೆ ತಡವಾಯ್ತು. ಮೊದಲಿಂದಲೇ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗ್ಲಿ. ಬಾಳೆಹಣ್ಣು, ಖರ್ಜೂರ, ಎನರ್ಜಿ ಜೆಲ್, ಯಾವುದಾದ್ರೂ ಸರಿ. ರೇಸ್ ದಿನ ಮಾತ್ರ ಹೊಸದೇನೂ ಬೇಡ, ಪ್ರಾಕ್ಟೀಸ್ ಓಟದಲ್ಲೇ ತಿಂದು ನೋಡಿ.