ಕೊಂಡ ಯಂತ್ರದ ಬೀಗದಕೈ ಯಾರ ಬಳಿ?

ಎರಡನೆಯ ಸಲದ ಬೋರ್ಡೋ ಸಿಂಪಡಣೆಯ ಹೊತ್ತಿಗೆ ಸ್ಪ್ರೇಯರ್ ಕೈಕೊಟ್ಟರೆ ಆಗುವ ಪೇಚಾಟ ಅಡಿಕೆ ಬೆಳೆಗಾರರಿಗೆಲ್ಲ ತಿಳಿದದ್ದೇ. ಮಳೆ ಬಿಡುವು ಕೊಡುವುದು ಒಂದೋ ಎರಡೋ ದಿನ. ಮೈಲುತುತ್ತು, ಸುಣ್ಣ ಕದಡಿ ಆಗಿದೆ, ಮರ ಹತ್ತುವವನು ಬಂದು ಕಾದಿದ್ದಾನೆ, ಯಂತ್ರ ಮಾತ್ರ ಹೊರಡದು. ಆಗ ನಾವು ಮಾಡುವುದೇನು? ಬಿಚ್ಚಿ ನೋಡುತ್ತೇವೆ, ಸವೆದ ವಾಷರ್ ಬದಲಾಯಿಸುತ್ತೇವೆ, ಆಗದಿದ್ದರೆ ಪೇಟೆಯ ಮೆಕ್ಯಾನಿಕ್‌ಗೆ ಹೇಳಿಕಳಿಸುತ್ತೇವೆ. ಕಾಫಿ ಕೊಯ್ಲಿನ ನಡುವೆ ಪಲ್ಪರ್ ನಿಂತರೂ ಇದೇ ಕತೆ. ಯಂತ್ರ ನಮ್ಮದು, ಆದ್ದರಿಂದ ಬಿಚ್ಚುವ ಹಕ್ಕೂ ನಮ್ಮದು ಎಂಬ ಬಗ್ಗೆ ನಮಗೆ ಸಂಶಯ ಬಂದದ್ದಿಲ್ಲ.

ಅಮೆರಿಕದ ರೈತರಿಗೆ ಈ ಸಂಶಯ ಬಂದು ಹತ್ತು ವರ್ಷಗಳ ಮೇಲಾಯಿತು. ಅವರ ಅನುಭವವನ್ನು ನಮ್ಮ ಸದಸ್ಯರು ತಿಳಿದಿರುವುದು ಒಳ್ಳೆಯದೆಂದು ಈ ಲೇಖನ.

ಕಮ್ಮಾರನ ಕಂಪೆನಿ

ಜಾನ್ ಡಿಯರ್ ಎಂಬುದು ಟ್ರಾಕ್ಟರ್ ತಯಾರಿಕೆಯಲ್ಲಿ ಜಗತ್ತಿನ ಅತಿ ದೊಡ್ಡ ಹೆಸರುಗಳಲ್ಲೊಂದು. ಅದನ್ನು ಕಟ್ಟಿದಾತ ಇಲಿನಾಯ್ ರಾಜ್ಯದ ಒಬ್ಬ ಕಮ್ಮಾರ. ಅಲ್ಲಿನ ಜಿಗುಟು ಮಣ್ಣು ನೇಗಿಲಿಗೆ ಅಂಟಿಕೊಳ್ಳುವುದನ್ನು ಕಂಡು 1837ರಲ್ಲಿ ಆತ ನುಣುಪಾದ ಉಕ್ಕಿನ ನೇಗಿಲು ಮಾಡಿಕೊಟ್ಟ. ರೈತನ ಸಲಕರಣೆಯನ್ನು ರಿಪೇರಿ ಮಾಡುವ ಕುಲುಮೆಯಿಂದಲೇ ಹುಟ್ಟಿದ ಕಂಪೆನಿಯಿದು.

ಇಂದು ಅದೇ ಕಂಪೆನಿಯ ದೊಡ್ಡ ಟ್ರಾಕ್ಟರುಗಳಲ್ಲಿ ಎಂಜಿನ್ನಿನಷ್ಟೇ ಮುಖ್ಯವಾದದ್ದು ಅದರೊಳಗಿನ ಕಂಪ್ಯೂಟರ್. ಹತ್ತಾರು ಸಂವೇದಕಗಳು ಶಾಖ, ಒತ್ತಡ, ಹೊಗೆ ಎಲ್ಲವನ್ನೂ ಅಳೆಯುತ್ತಿರುತ್ತವೆ. ಒಂದು ಸಂವೇದಕ ಕೆಟ್ಟರೂ ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನು ಇಳಿಸಿಬಿಡಬಹುದು. ಆಗ ಟ್ರಾಕ್ಟರ್ ತೆವಳುತ್ತದೆಯೇ ಹೊರತು ಉಳುವುದಿಲ್ಲ. ಕೆಟ್ಟ ಭಾಗವನ್ನು ರೈತನೇ ಬದಲಾಯಿಸಿದನೆನ್ನಿ. ಕೆಲವು ಭಾಗಗಳ ವಿಷಯದಲ್ಲಿ ಅಷ್ಟು ಸಾಲದು. ಡೀಲರನ ಮೆಕ್ಯಾನಿಕ್ ಬಂದು ತನ್ನ ಲ್ಯಾಪ್‌ಟಾಪ್ ಜೋಡಿಸಿ, ಹೊಸ ಭಾಗವನ್ನು ಒಪ್ಪಿಕೋ ಎಂದು ಟ್ರಾಕ್ಟರಿಗೆ ಹೇಳಬೇಕು. ಹಾಗೆ ಹೇಳುವ ಪೂರ್ಣ ಸಾಮರ್ಥ್ಯದ ಸಾಫ್ಟ್‌ವೇರನ್ನು ಕಂಪೆನಿ ತನ್ನ ಡೀಲರುಗಳಿಗೆ ಮಾತ್ರ ಕೊಟ್ಟಿತ್ತು. ಕೊಯ್ಲಿನ ಕಾಲದಲ್ಲಿ ಡೀಲರ್ ಬರುವತನಕ ಬೆಳೆ ಹೊಲದಲ್ಲಿ ಕಾಯಬೇಕು. ಬೇಸತ್ತ ರೈತರು ಉಕ್ರೇನಿನಲ್ಲಿ ಬೀಗ ಮುರಿದು ಮಾರುತ್ತಿದ್ದ ಕಳ್ಳ ಪ್ರತಿಗಳನ್ನು ಕೊಂಡು ತಮ್ಮದೇ ಟ್ರಾಕ್ಟರಿಗೆ ಹಾಕತೊಡಗಿದ ಸಂಗತಿ 2017ರಲ್ಲಿ ವರದಿಯಾಯಿತು.

ಬೀಗಕ್ಕೆ ಕಾನೂನಿನ ಕಾವಲು

ಇದನ್ನು ಕಂಪೆನಿಯ ದುರಾಸೆಯೆಂದಷ್ಟೇ ಹೇಳಿ ಮುಗಿಸುವಂತಿಲ್ಲ. ಆ ಬೀಗಕ್ಕೆ ಬಲ ಕೊಟ್ಟದ್ದು ಸರಕಾರವೇ. ಸಿನಿಮಾ, ಸಂಗೀತಗಳ ಕಳ್ಳ ನಕಲು ತಡೆಯುವ ಉದ್ದೇಶದಿಂದ 1998ರಲ್ಲಿ ಅಮೆರಿಕ ಡಿಜಿಟಲ್ ಮಿಲೆನಿಯಮ್ ಕಾಪಿರೈಟ್ ಕಾಯಿದೆಯನ್ನು ತಂದಿತು. ಸಾಫ್ಟ್‌ವೇರಿಗೆ ಹಾಕಿದ ಬೀಗ ಒಡೆಯುವುದು ಆ ಕಾಯಿದೆಯಂತೆ ತಪ್ಪು. ಸಿನಿಮಾದವರಿಗಾಗಿ ಮಾಡಿದ ಕಾನೂನು ಟ್ರಾಕ್ಟರಿಗೂ ಬಂದು ಕೂತಿತು. ಟ್ರಾಕ್ಟರ್ ಕೊಂಡವನಿಗೆ ಅದರೊಳಗಿನ ಸಾಫ್ಟ್‌ವೇರ್ ಸೇರುವುದಿಲ್ಲ, ಅದನ್ನು ಬಳಸುವ ಪರವಾನಗಿ ಮಾತ್ರ ಸಿಗುತ್ತದೆ ಎಂದು ಕಂಪೆನಿ 2015ರಲ್ಲಿ ಅಲ್ಲಿನ ಕಾಪಿರೈಟ್ ಕಚೇರಿಗೆ ತಿಳಿಸಿತು.

ಅದೇ ವರ್ಷ ಟ್ರಾಕ್ಟರ್ ರಿಪೇರಿಗೆ ಒಂದು ವಿನಾಯಿತಿ ಬಂತು. ಆದರೆ ಅದು ಮೂರು ವರ್ಷಕ್ಕೊಮ್ಮೆ ಮತ್ತೆ ಕೇಳಿ ಪಡೆಯಬೇಕಾದ ವಿನಾಯಿತಿ. ಮಾಲಿಕನ ಪರವಾಗಿ ಬೇರೆ ಮೆಕ್ಯಾನಿಕ್ ಬೀಗ ತೆಗೆಯಲು ದಾರಿಯಾದದ್ದು 2018ರಲ್ಲಿ. ಬೀಗ ತೆಗೆಯುವ ಸಲಕರಣೆ ಮಾರುವುದಂತೂ ಮೊದಲಿನಂತೆಯೇ ಅಪರಾಧವಾಗಿ ಉಳಿಯಿತು. ಬೀಗ ತೆಗೆಯಬಹುದು, ಬೀಗದಕೈ ಮಾತ್ರ ಮಾರಬಾರದು ಎಂದಂತಾಯಿತು.

ಕಂಪೆನಿಯ ವಾದವನ್ನೂ ಹೇಳಬೇಕು. ಸಿಕ್ಕಸಿಕ್ಕವರು ಸಾಫ್ಟ್‌ವೇರ್ ಬದಲಾಯಿಸಿದರೆ ಹೊಗೆಯ ನಿಯಮ ಮೀರುತ್ತದೆ, ಅಪಘಾತವಾಗುತ್ತದೆ ಎನ್ನುತ್ತದೆ ಅದು. ಇದು ಪೂರ್ತಿ ಸುಳ್ಳಲ್ಲ. ಆದರೆ ರೈತರು ಕೇಳಿದ್ದು ಹೊಗೆಯ ನಿಯಮ ಮೀರುವ ಅವಕಾಶವನ್ನಲ್ಲ. ದೋಷ ಎಲ್ಲಿದೆಯೆಂದು ಓದುವ, ಬದಲಾಯಿಸಿದ ಭಾಗವನ್ನು ಚಾಲೂ ಮಾಡುವ ಅವಕಾಶವನ್ನು.

ಸುದ್ದಿಯೂ ಸಂಗತಿಯೂ

ಪತ್ರಿಕೆಯ ತಲೆಬರಹವನ್ನು ಏಕೆ ಎರಡು ಸಲ ಓದಬೇಕು ಎಂಬುದಕ್ಕೂ ಈ ಪ್ರಕರಣ ಒಳ್ಳೆಯ ಪಾಠ. ರೋಗನಿದಾನದ ಸಲಕರಣೆಗಳನ್ನು 2021ರ ಮಾದರಿಗಳಿಂದ ರೈತರಿಗೂ ಒದಗಿಸುತ್ತೇವೆಂದು ಯಂತ್ರ ತಯಾರಕರ ಒಕ್ಕೂಟ 2018ರಲ್ಲಿ ಮಾತು ಕೊಟ್ಟಿತು. ಗಡುವು ಬಂದಾಗ ಬಳಕೆದಾರರ ಸಂಘಟನೆಯವರು ಡೀಲರುಗಳನ್ನು ವಿಚಾರಿಸಿ ನೋಡಿದರೆ, ಹೇಳಿದಂತೆ ಸಲಕರಣೆ ಸಿಗುತ್ತಿರಲಿಲ್ಲ.

2023ರ ಜನವರಿಯಲ್ಲಿ ಇನ್ನೊಂದು ಸುದ್ದಿ: ಅಮೆರಿಕನ್ ಫಾರ್ಮ್ ಬ್ಯೂರೋ ಫೆಡರೇಷನ್ ಎಂಬ ದೊಡ್ಡ ರೈತಸಂಸ್ಥೆಗೂ ಕಂಪೆನಿಗೂ ಒಪ್ಪಂದವಾಯಿತು, ರೈತನಿಗೆ ರಿಪೇರಿಯ ಹಕ್ಕು ದೊರೆಯಿತು ಎಂದು. ಒಪ್ಪಂದದ ಒಳಗಿದ್ದ ಇನ್ನೊಂದು ಮಾತು ತಲೆಬರಹಕ್ಕೆ ಬರಲಿಲ್ಲ. ರಿಪೇರಿಯ ಹಕ್ಕಿಗಾಗಿ ಕಾನೂನು ತರುವ ಪ್ರಯತ್ನಗಳನ್ನು ಬೆಂಬಲಿಸದಿರುವಂತೆ ತನ್ನ ಶಾಖೆಗಳಿಗೆ ಹೇಳಲು ಆ ರೈತಸಂಸ್ಥೆ ಒಪ್ಪಿಕೊಂಡಿತ್ತು. ಕಂಪೆನಿ ಕೊಟ್ಟದ್ದು ಒಂದು ಭರವಸೆ. ರೈತಸಂಸ್ಥೆ ಬಿಟ್ಟುಕೊಟ್ಟದ್ದು ಕಾನೂನು ಕೇಳುವ ದನಿ.

ಕೊಲರಾಡೊ ರಾಜ್ಯ ಕಾದು ಕೂರಲಿಲ್ಲ. ಕೃಷಿ ಯಂತ್ರಗಳ ರಿಪೇರಿ ಹಕ್ಕಿನ ಕಾಯಿದೆಯನ್ನು 2023ರಲ್ಲಿ ಮಾಡಿ 2024ರ ಜನವರಿ 1ರಿಂದ ಜಾರಿಗೆ ತಂದಿತು. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಎರಡು ರಾಜ್ಯಗಳನ್ನು ಕೂಡಿಕೊಂಡು, ಕಂಪೆನಿ ರಿಪೇರಿಯ ವ್ಯಾಪಾರವನ್ನು ಅಕ್ರಮವಾಗಿ ಹಿಡಿದಿಟ್ಟುಕೊಂಡಿದೆಯೆಂದು ದಾವೆ ಹೂಡಿತು. ಕಂಪೆನಿ ಆರೋಪವನ್ನು ಅಲ್ಲಗಳೆಯಿತು. ಅದೇ ವರ್ಷದ ಜುಲೈನಲ್ಲಿ ರೈತರೂ ಬಳಸಬಹುದಾದ ಹೊಸ ಸಾಫ್ಟ್‌ವೇರನ್ನು, ವರ್ಷವರ್ಷವೂ ಶುಲ್ಕ ತೆರುವ ಕರಾರಿನ ಮೇಲೆ, ಮಾರುಕಟ್ಟೆಗೆ ತಂದಿತು. ಭರವಸೆಯಿಂದ ಆಗದ ಕೆಲಸ ಕಾನೂನಿನ ಬಿಸಿ ತಟ್ಟಿದ ಮೇಲೆ ಸ್ವಲ್ಪವಾದರೂ ಆಯಿತೆನ್ನಬೇಕು.

ದೂರದಲ್ಲಿ ಕೂತು ನಿಲ್ಲಿಸಿದ ಯಂತ್ರಗಳು

2022ರ ಜನವರಿಯಲ್ಲಿ ಲಾಸ್ ವೇಗಾಸ್ ನಗರದ ಪ್ರದರ್ಶನದಲ್ಲಿ ಇದೇ ಕಂಪೆನಿ ಚಾಲಕನಿಲ್ಲದೆ ಉಳುವ ಟ್ರಾಕ್ಟರನ್ನು ತೋರಿಸಿತು. ಪತ್ರಿಕೆಗಳೆಲ್ಲ ಹೊಗಳಿದವು. ಅದೇ ವರ್ಷದ ವಸಂತದಲ್ಲಿ ರಷ್ಯದ ಸೈನಿಕರು ಉಕ್ರೇನಿನ ಮೆಲಿಟೊಪೊಲ್ ಪಟ್ಟಣದ ಡೀಲರೊಬ್ಬರ ಮಳಿಗೆಯಿಂದ ಸುಮಾರು 50 ಲಕ್ಷ ಡಾಲರ್ ಬೆಲೆಯ ಯಂತ್ರಗಳನ್ನು ಸಾಗಿಸಿದರು. ಕೆಲವು ಚೆಚೆನ್ಯದವರೆಗೂ ಹೋದವು. ಅಲ್ಲಿ ನೋಡಿದರೆ ಯಂತ್ರಗಳು ಚಾಲೂ ಆಗಲಿಲ್ಲ. ದೂರದಿಂದಲೇ ಅವುಗಳಿಗೆ ಬೀಗ ಹಾಕಲಾಗಿತ್ತು. ಕಳ್ಳರಿಗೆ ತಕ್ಕ ಶಾಸ್ತಿಯಾಯಿತೆಂದು ಎಲ್ಲರೂ ಸಂತೋಷಪಟ್ಟರು. ಸಂತೋಷಪಡಬೇಕಾದದ್ದೇ.

ಆದರೆ ಬೆಳೆಗಾರನಾದವನು ಇನ್ನೊಂದು ಮಾತನ್ನೂ ಯೋಚಿಸಬೇಕು. ಕಳ್ಳನ ಕೈಯಲ್ಲಿ ನಿಲ್ಲಿಸಬಹುದಾದ ಯಂತ್ರವನ್ನು ಒಡೆಯನ ಕೈಯಲ್ಲೂ ನಿಲ್ಲಿಸಬಹುದು. ಕಂತು ಬಾಕಿಯೆಂದೋ, ಶುಲ್ಕ ಕಟ್ಟಿಲ್ಲವೆಂದೋ, ಯಾವುದೋ ಸರಕಾರದ ಆಜ್ಞೆಯೆಂದೋ ನಿಲ್ಲಿಸುವ ಶಕ್ತಿ ಅಲ್ಲಿ ಇದ್ದೇ ಇರುತ್ತದೆ. ಇಂದು ಅದನ್ನು ಹಿಡಿದವನು ಸಜ್ಜನನಿರಬಹುದು. ನಾಳೆ ಯಾರ ಕೈ ಸೇರುವುದೋ ಹೇಳಬಲ್ಲವರಾರು?

ನಮ್ಮ ಬಾಗಿಲಿಗೆ

ನಮ್ಮ ತೋಟಗಳ ಟಿಲ್ಲರ್, ಕಳೆ ಕೊಚ್ಚುವ ಯಂತ್ರ, ಪಂಪುಗಳು ಇನ್ನೂ ಸ್ಪ್ಯಾನರಿಗೆ ಬಗ್ಗುವಂಥವು. ಆದರೂ ಗಾಳಿ ಬೀಸುವ ದಿಕ್ಕು ಕಾಣುತ್ತಿದೆ. ಹೊಗೆಯ ಹೊಸ ನಿಯಮ 2023ರ ಜನವರಿಯಿಂದ ನಮ್ಮ ದೇಶದಲ್ಲೂ 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರಾಕ್ಟರುಗಳಿಗೆ ಬಂದಿದೆ. ಅದರೊಂದಿಗೆ ಇಂಧನವನ್ನು ಕಂಪ್ಯೂಟರಿನಿಂದ ನಿಯಂತ್ರಿಸುವ ಎಂಜಿನ್ ಬಂದಿದೆ. ಅಡಿಕೆಗೆ ಔಷಧಿ ಸಿಂಪಡಿಸುವ ಡ್ರೋನ್‌ಗಳ ಪ್ರಾತ್ಯಕ್ಷಿಕೆಗಳು ನಡೆಯುತ್ತಿವೆ. ಮರ ಹತ್ತುವವರು ಸಿಗದ ಈ ಕಾಲದಲ್ಲಿ ಅದು ಸ್ವಾಗತಾರ್ಹವೇ. ಆದರೆ 2021ರ ಡ್ರೋನ್ ನಿಯಮಗಳಲ್ಲಿ, ಅನುಮತಿಯಿಲ್ಲದೆ ಮೇಲೇಳದಂತೆ ತಡೆಯುವ ವ್ಯವಸ್ಥೆಯನ್ನು ಡ್ರೋನ್‌ನೊಳಗೇ ಅಳವಡಿಸಬೇಕೆಂದು ಮುಂದೆ ಕಡ್ಡಾಯ ಮಾಡುವ ಅಧಿಕಾರವನ್ನು ಕೇಂದ್ರ ಸರಕಾರ ಇಟ್ಟುಕೊಂಡಿದೆ. ವಿಮಾನ ನಿಲ್ದಾಣ, ಗಡಿಗಳ ರಕ್ಷಣೆಗೆ ಇದು ಬೇಕಾದೀತು. ಕೊಳೆರೋಗ ಹಬ್ಬುವ ದಿನ ಅನುಮತಿ ತಡವಾದರೆ ನಷ್ಟ ಯಾರಿಗೆ ಎಂಬುದೂ ಪ್ರಶ್ನೆಯೇ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ನೇಮಿಸಿತು. ಮೊದಲು ಗಮನ ಕೊಡಬೇಕಾದ ವಿಭಾಗಗಳಲ್ಲಿ ಕೃಷಿ ಉಪಕರಣಗಳನ್ನೂ ಸೇರಿಸಿ, ಡಿಸೆಂಬರಿನಲ್ಲಿ ಒಂದು ಮಾಹಿತಿ ತಾಣವನ್ನು ತೆರೆಯಿತು. ಕಂಪೆನಿಗಳು ತಾವಾಗಿ ಕೊಟ್ಟ ಮಾಹಿತಿ ಅಲ್ಲಿ ಸಿಗುತ್ತದೆ. ಇದು ಒಳ್ಳೆಯ ಆರಂಭ. ತಾವಾಗಿ ಕೊಡುವ ಮಾತಿನ ಬೆಲೆ ಎಷ್ಟೆಂಬುದನ್ನು ಮಾತ್ರ ಅಮೆರಿಕದ ರೈತರಿಂದ ನಾವು ಕಲಿಯಬಹುದು.

ಕೊಳ್ಳುವ ಮುನ್ನ ಕೇಳಿರಿ

ಹೊಸ ಯಂತ್ರ ಬೇಡವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಯಂತ್ರ ಏನು ಮಾಡುತ್ತದೆಂದು ಜಾಹೀರಾತು ಹೇಳುತ್ತದೆ. ಅದು ಹೇಳದಿರುವುದನ್ನು ನಾವು ಕೇಳಿ ತಿಳಿಯಬೇಕು:

1. ದೋಷ ಬಂದಾಗ ಅದರ ಕಾರಣವನ್ನು ಮಾಲಿಕನೇ ಓದಿ ತಿಳಿಯಬಹುದೇ, ಡೀಲರನೇ ಬರಬೇಕೇ?

2. ಪೇಟೆಯ ಮೆಕ್ಯಾನಿಕ್ ಹಾಕಿದ ಬಿಡಿಭಾಗವನ್ನು ಯಂತ್ರ ಒಪ್ಪುತ್ತದೆಯೇ?

3. ಇಂಟರ್‌ನೆಟ್ ಸಂಪರ್ಕವಿಲ್ಲದ ಕಡೆ ಯಂತ್ರ ನಡೆಯುತ್ತದೆಯೇ? ವಾರ್ಷಿಕ ಶುಲ್ಕವಿದೆಯೇ? ಕಟ್ಟದಿದ್ದರೆ ಏನು ನಿಲ್ಲುತ್ತದೆ?

4. ಯಂತ್ರವನ್ನು ದೂರದಿಂದ ನಿಲ್ಲಿಸಲು ಸಾಧ್ಯವೇ? ಸಾಧ್ಯವಾದರೆ ಯಾರಿಂದ, ಯಾವ ಸಂದರ್ಭದಲ್ಲಿ?

5. ಕಂಪೆನಿ ಈ ಮಾದರಿಯನ್ನು ಕೈಬಿಟ್ಟರೆ ಎಷ್ಟು ವರ್ಷ ಬಿಡಿಭಾಗ ಕೊಡುತ್ತದೆ?

ಉತ್ತರವನ್ನು ಬಾಯಿಮಾತಿನಲ್ಲಿ ಪಡೆಯದೆ ಬಿಲ್ಲಿನ ಜೊತೆ ಬರಹದಲ್ಲಿ ಪಡೆಯಿರಿ. ಒಬ್ಬ ಸಣ್ಣ ಬೆಳೆಗಾರ ಹೀಗೆ ಕೇಳಿದರೆ ಮಾರುವವನು ನಕ್ಕು ಸುಮ್ಮನಾದಾನು. ಹತ್ತು ಜನ ಸೇರಿ ಒಟ್ಟಿಗೆ ಕೊಳ್ಳುವಾಗ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಸಹಕಾರ ಸಂಘವೆಂಬುದು ಇರುವುದೇ ಇಂಥ ಕೆಲಸಕ್ಕೆ.