ದಪ್ಪಕ್ಷರದ ಅಂಕಿ, ಸಣ್ಣಕ್ಷರದ ಷರತ್ತು

ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಲು ಹೋದವರು ಮೊದಲು ಕೇಳುವುದೇ, ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಕಿಲೊಮೀಟರ್ ಓಡುತ್ತದೆ ಎಂದು. ಜಾಹೀರಾತಿನಲ್ಲಿ ಅದಕ್ಕೊಂದು ದಪ್ಪಕ್ಷರದ ಅಂಕಿ ಇರುತ್ತದೆ. ಅದನ್ನು ನಂಬಿ ಶಿವಮೊಗ್ಗ ಜಿಲ್ಲೆಯ ತೊಗರ್ಸಿಯಿಂದ ಶಿರಾಳಕೊಪ್ಪ, ಶಿಕಾರಿಪುರ, ಸೊರಬ ಎಂದು ನಾಲ್ಕು ದಿನ ತಿರುಗಿದರೆ ಲೆಕ್ಕ ತಪ್ಪುತ್ತದೆ. ಬ್ಯಾಟರಿ ಕೆಟ್ಟಿತೇನೋ ಎಂದು ಶೋರೂಮಿಗೆ ಓಡುವವರಿದ್ದಾರೆ. ಆದರೆ ಬ್ಯಾಟರಿ ಸರಿಯಾಗಿಯೇ ಇದ್ದರೂ ಹೀಗಾಗಬಹುದು, ಏಕೆಂದರೆ ಆ ಅಂಕಿ ಹುಟ್ಟಿದ್ದು ನಮ್ಮ ರಸ್ತೆಯಲ್ಲಲ್ಲ.

ಅದು ಹುಟ್ಟಿದ್ದು ಪ್ರಯೋಗಾಲಯದಲ್ಲಿ. ಅಲ್ಲಿ ಸ್ಕೂಟರಿನ ಚಕ್ರವನ್ನು ರೋಲರ್ ಮೇಲಿಟ್ಟು ನಿಗದಿತ ಕ್ರಮದಲ್ಲಿ ಓಡಿಸುತ್ತಾರೆ. ಐಡಿಸಿ ಎಂದು ಕರೆಯುವ ಈ ಕ್ರಮದಲ್ಲಿ ಒಂದು ಸುತ್ತಿಗೆ 108 ಸೆಕೆಂಡು. ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ ಸುಮಾರು 22. ಬ್ಯಾಟರಿ ಬರಿದಾಗುವ ತನಕ ಇದೇ ಸುತ್ತು. ಅಲ್ಲಿ ಏರು ಇಲ್ಲ, ಎದುರುಗಾಳಿ ಇಲ್ಲ, ಹಿಂದೆ ಕೂತ ಹೆಂಡತಿ ಮಕ್ಕಳಿಲ್ಲ, ಕಾಲಿಡುವ ಜಾಗದಲ್ಲಿ ಗೊಬ್ಬರದ ಚೀಲವೂ ಇಲ್ಲ.

ನಮ್ಮ ಓಡಾಟದಲ್ಲಿ ಇವೆಲ್ಲ ಇವೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 40ರ ವೇಗವನ್ನು 60ಕ್ಕೆ ಏರಿಸಿದರೆ ವೇಗ ಹೆಚ್ಚುವುದು ಒಂದೂವರೆ ಪಟ್ಟು, ಗಾಳಿಯ ತಡೆ ಎರಡೂಕಾಲು ಪಟ್ಟು. ಏರು ಹತ್ತುವಾಗ ಹೊತ್ತ ಭಾರಕ್ಕೆ ತಕ್ಕಷ್ಟು ಶಕ್ತಿ ಖರ್ಚಾಗುತ್ತದೆ. ಇಳಿಯುವಾಗ ಮರಳಿ ಬ್ಯಾಟರಿ ಸೇರುವುದು ಅದರಲ್ಲಿ ಒಂದಿಷ್ಟೇ.

ಹಾಗೆಂದು ಈ ಪರೀಕ್ಷೆಯೇ ಮೋಸ ಎನ್ನಲಾಗದು. ಹತ್ತು ಕಂಪನಿಯ ಗಾಡಿಗಳನ್ನು ಹೋಲಿಸಲು ಒಂದೇ ಅಳತೆಗೋಲು ಬೇಕು. ಅಂಕಿಯನ್ನು ಮಾತ್ರ ಪ್ರಯೋಗಾಲಯದಿಂದ ಹೊರತಂದು, ಅದರ ಷರತ್ತನ್ನು ಅಲ್ಲೇ ಬಿಟ್ಟು ಬಂದಾಗ ತಪ್ಪು ಶುರುವಾಗುತ್ತದೆ. ಇಂಥ ತಪ್ಪಿಗೆ ಗ್ರಾಹಕರು ಕಂಪನಿಗಳನ್ನು ನ್ಯಾಯದ ಕಟಕಟೆಗೆ ಎಳೆದದ್ದೂ ಉಂಟು. ಕೇರಳದ ತ್ರಿಶ್ಶೂರಿನಲ್ಲಿ ಫೋರ್ಡ್ ಕಾರು ಕೊಂಡವರೊಬ್ಬರು, ಲೀಟರಿಗೆ 32 ಕಿ.ಮೀ. ಎಂದು ಹೇಳಿದ್ದ ಗಾಡಿ ಅಷ್ಟು ಕೊಡುತ್ತಿಲ್ಲ ಎಂದು ದೂರಿದರು. ಅಲ್ಲಿನ ಜಿಲ್ಲಾ ಗ್ರಾಹಕ ಆಯೋಗ ತಜ್ಞರಿಂದ ಓಡಿಸಿ ಅಳತೆ ಮಾಡಿಸಿತು. ಹೇಳಿದ್ದಕ್ಕಿಂತ ಸುಮಾರು ಶೇ 40ರಷ್ಟು ಕಡಿಮೆ ಬಂತು. 2022ರಲ್ಲಿ 3.10 ಲಕ್ಷ ರೂಪಾಯಿ ಕೊಡುವಂತೆ ಆದೇಶವಾಯಿತು. ವಾದಕ್ಕೆ ಪ್ರತಿವಾದ ಹೂಡಬಹುದು, ಅಳೆದ ಅಂಕಿಯ ಎದುರು ನಿಲ್ಲುವುದು ಕಷ್ಟ.

ನಮ್ಮ ಬೆಂಗಳೂರಿನ ರ‍್ಯಾಪಿಡೊ ಪ್ರಕರಣ ಇನ್ನೂ ಸ್ಪಷ್ಟವಾಗಿದೆ. ಐದು ನಿಮಿಷದಲ್ಲಿ ಆಟೊ ಬರುತ್ತದೆ, ಬರದಿದ್ದರೆ 50 ರೂಪಾಯಿ ಎಂದು ಈ ಕಂಪನಿ ಒಂದೂವರೆ ವರ್ಷದಷ್ಟು ಕಾಲ, 120ಕ್ಕೂ ಹೆಚ್ಚು ನಗರಗಳಲ್ಲಿ, ಹಲವು ಭಾಷೆಗಳಲ್ಲಿ ಜಾಹೀರಾತು ನೀಡಿತ್ತು. ಆಟೊ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಸುತ್ತಮುತ್ತ ಖಾಲಿ ಇರುವ ಆಟೊಗಳು, ಮಳೆ, ಟ್ರಾಫಿಕ್ಕು ಇವುಗಳ ಮೇಲೆ ನಿಂತಿದೆ. ಇಂಥದರಲ್ಲಿ ಯಾವ ಆ್ಯಪ್ ಆದರೂ ಸರಾಸರಿ ಹೇಳಬಲ್ಲದೇ ಹೊರತು ಪ್ರತಿಯೊಬ್ಬರಿಗೂ ಖಾತರಿ ಕೊಡಲಾರದು. ಸರಾಸರಿ ಐದು ನಿಮಿಷ ಎಂದರೆ ಎಷ್ಟೋ ಮಂದಿ ಅದಕ್ಕಿಂತ ಹೆಚ್ಚು ಕಾಯುತ್ತಾರೆಂದೇ ಅರ್ಥ. ಆ 50 ರೂಪಾಯಿಯೂ ಹಣವಾಗಿರಲಿಲ್ಲ. ‘50ರವರೆಗೆ’ ಕೊಡುವ ರ‍್ಯಾಪಿಡೊ ನಾಣ್ಯ; ಬೈಕ್ ಸವಾರಿಗಷ್ಟೇ ಸಲ್ಲುವಂಥದ್ದು, ಏಳು ದಿನದಲ್ಲಿ ಮುಗಿಯುವಂಥದ್ದು. ಜಾಹೀರಾತಿನ ಷರತ್ತಿನ ಸೂಚನೆ ಓದಲಾಗದಷ್ಟು ಸಣ್ಣಕ್ಷರದಲ್ಲಿತ್ತು; ಖಾತರಿ ಕೊಟ್ಟವರು ಚಾಲಕರು, ಕಂಪನಿಯಲ್ಲ ಎಂದು ನಿಯಮಗಳಲ್ಲಿ ಬರೆದಿತ್ತು. ದಿನವಿಡೀ ದುಡಿಯುವ ಚಾಲಕನ ಹೆಗಲಿಗೆ ಕಂಪನಿಯ ಮಾತನ್ನು ಹೊರಿಸಿದ್ದು ನನಗೆ ಎಲ್ಲಕ್ಕಿಂತ ಕೆಟ್ಟದ್ದಾಗಿ ಕಂಡಿತು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರ ಆಗಸ್ಟ್‌ನಲ್ಲಿ 10 ಲಕ್ಷ ರೂಪಾಯಿ ದಂಡ ಹಾಕಿ, 50 ರೂಪಾಯಿ ಸಿಗದವರಿಗೆ ಅದನ್ನು ಕೊಡುವಂತೆಯೂ ಹೇಳಿತು.

ಇದೇ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹಳ್ಳಿಯವರು ತಿಳಿದಿರಲೇಬೇಕಾದ ಒಂದು ನಿಯಮವಿದೆ. ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಬಗೆಯ ಅಕ್ಷರದಲ್ಲಿ ಇರಬೇಕು. ಕನ್ನಡದಲ್ಲಿ ಆಸೆ ಹುಟ್ಟಿಸಿ, ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಷರತ್ತು ಬರೆಯುವಂತಿಲ್ಲ.

2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ವಸ್ತುವನ್ನು ಎಲ್ಲೇ ಕೊಂಡಿರಲಿ, ತೊಗರ್ಸಿಯವರು ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂದೂ ಇಲ್ಲ. ದೋಷ ತಿಳಿಯಲು ಪರೀಕ್ಷೆ ಬೇಕಾದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ.

ಆದ್ದರಿಂದ ಕೊಳ್ಳುವ ಮೊದಲು ಆ ಅಂಕಿ ಯಾವ ಪರೀಕ್ಷೆಯಲ್ಲಿ, ಎಷ್ಟು ವೇಗದಲ್ಲಿ, ಎಷ್ಟು ಭಾರದಲ್ಲಿ ಬಂದದ್ದೆಂದು ಕೇಳಿ, ಬರಹದಲ್ಲಿ ಪಡೆಯಿರಿ. ಜಾಹೀರಾತಿನ ಫೋಟೊ ಮತ್ತು ಬಿಲ್ ಜೋಪಾನವಾಗಿಡಿ. ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆಯೋಗಕ್ಕೆ ಹೋಗುವುದಾದರೆ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಿ.