ಭಾಷಾವಿಜ್ಞಾನದ ಕೆಲವು ಮೂಲ ಪರಿಕಲ್ಪನೆಗಳು

ಭಾಷೆಯು ಜನರ ಬಾಯಲ್ಲಿ ಇರುವಂತೆಯೇ ಅದನ್ನು ಅವಲೋಕಿಸಿ, ಅದರ ರಚನೆಯನ್ನು ವಿವರಿಸುವ ಶಾಸ್ತ್ರವೇ ಭಾಷಾವಿಜ್ಞಾನ. ಅದರ ಪರಿಭಾಷೆ ವಿದ್ವಾಂಸರಿಗೆ ಮಾತ್ರ ಸಲ್ಲತಕ್ಕದ್ದೆಂಬ ಭಾವನೆ ಉಂಟು. ಆದರೆ ಪ್ರಾಥಮಿಕ ತರಗತಿಯ ಉಪಾಧ್ಯಾಯರಿಗೇ ಅದರ ಪ್ರಯೋಜನ ಅಧಿಕ. ಭದ್ರಾವತಿಯ ಜನ್ನಾಪುರದಂತಹ ಬಡಾವಣೆಯಲ್ಲಿ ಇದು ಸ್ಪಷ್ಟವಾಗಿ ತೋರುತ್ತದೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆಯನ್ನಾರಂಭಿಸಿದ ತರುವಾಯ ನಾಡಿನ ನಾನಾ ಭಾಗಗಳಿಂದಲೂ, ತಮಿಳು ತೆಲುಗು ಸೀಮೆಗಳಿಂದಲೂ ಕುಟುಂಬಗಳು ಈ ಊರಿಗೆ ಬಂದು ನೆಲೆಸಿದವು. ಅಲ್ಲಿಯ ಮಕ್ಕಳು ಶಾಲೆಗೆ ಬರಿಗೈಯಲ್ಲಿ ಬರುವುದಿಲ್ಲ. ಮನೆಯ ಮಾತನ್ನು ಹೊತ್ತೇ ಬರುತ್ತಾರೆ.

ಮೊದಲನೆಯದು ಧ್ವನಿಮಾ. ಅರ್ಥವನ್ನು ಬೇರ್ಪಡಿಸಬಲ್ಲ ಧ್ವನಿಘಟಕಕ್ಕೆ ಈ ಹೆಸರು. 'ಕಾಳಿ', 'ಗಾಳಿ' ಎಂಬಲ್ಲಿ ಕಕಾರ ಗಕಾರಗಳಷ್ಟೇ ಬೇರೆ; ಅರ್ಥವೇ ಬದಲಾಗುವುದರಿಂದ ಅವು ಕನ್ನಡದಲ್ಲಿ ಎರಡು ಧ್ವನಿಮಾಗಳು. ತಮಿಳಿನ ಲಿಪಿಯಲ್ಲಾದರೋ ಎರಡಕ್ಕೂ ಒಂದೇ ಅಕ್ಷರ. ಆ ಭಾಷೆಯ ದೇಶ್ಯ ಪದಗಳಲ್ಲಿ ಅವು ಸಂದರ್ಭಾನುಸಾರ ಬರುವ ಉಪಧ್ವನಿಗಳು. ಆದುದರಿಂದ ತಮಿಳು ಮನೆಮಾತಿನ ಮಗು 'ಗಾಳಿ'ಯನ್ನು 'ಕಾಳಿ' ಎಂದು ಬರೆದರೆ ಅದು ಮಂದಬುದ್ಧಿಯ ಲಕ್ಷಣವಲ್ಲ.

ಎರಡನೆಯದು ಆಕೃತಿಮಾ, ಅರ್ಥವುಳ್ಳ ಅತ್ಯಂತ ಚಿಕ್ಕ ಘಟಕ. 'ಮನೆಗೆ' ಎಂಬಲ್ಲಿ 'ಮನೆ', 'ಗೆ' ಎಂಬ ಎರಡಿವೆ. 'ಮರಕ್ಕೆ' ಎಂಬಲ್ಲಿ ಅದೇ ಚತುರ್ಥಿ ಪ್ರತ್ಯಯ 'ಕ್ಕೆ' ಎಂಬ ರೂಪವನ್ನು ತಾಳುತ್ತದೆ. 'ಮರಗೆ' ಎಂದ ಮಗು ನಿಯಮವನ್ನು ಅರಿತಿದೆ. ಅದರ ಎಲ್ಲೆಯನ್ನಷ್ಟೇ ಅರಿಯಬೇಕಾಗಿದೆ.

ಮೂರನೆಯದು ಉಪಭಾಷೆ, ಎಂದರೆ ಪ್ರದೇಶ ಸಮಾಜಗಳಿಗನುಗುಣವಾಗಿ ಒಂದೇ ಭಾಷೆ ತಾಳುವ ಪ್ರಭೇದ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ 'ಹಾಲು' ಎಂಬುದು 'ಆಲು' ಎಂದಾಗುವುದುಂಟು. ಹಕಾರವನ್ನು ಬಿಡುವ ಆ ಮಾತಿಗೆ ತನ್ನದೇ ಕ್ರಮವಿದೆ. ಹಳಗನ್ನಡದಲ್ಲಿ ಇದೇ ಪದ 'ಪಾಲ್' ಎಂದಿತ್ತು. ತಮಿಳಿನಲ್ಲಿ ಇಂದಿಗೂ ಹಾಗೆಯೇ ಇದೆ. ಒಂದೇ ಮೂಲದಿಂದ ಬಂದ ಇಂತಹ ಪದಗಳು ಜ್ಞಾತಿ ಪದಗಳು. ಇಂತಹ ಸಾಮ್ಯಗಳನ್ನು ಆಧರಿಸಿ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದನು. ಪಾಲ್, ಹಾಲು, ಆಲು: ಒಂದು ಪದದ ಶತಮಾನಗಳ ಇತಿಹಾಸ ಒಂದೇ ತರಗತಿಯ ಮೂರು ಮಕ್ಕಳ ಬಾಯಲ್ಲಿ ಕೇಳಿಬರಬಹುದು.

ಪ್ರಮಾಣ ಭಾಷೆಯನ್ನು ಕಲಿಸುವುದು ಶಾಲೆಯ ಕರ್ತವ್ಯವೇ ಸರಿ. ಬರಹಕ್ಕೂ ಆಡಳಿತಕ್ಕೂ ಅದು ಅವಶ್ಯಕ. ಆದರೆ ಮನೆಯ ಮಾತನ್ನು ಹಳಿದು ಅದನ್ನು ಕಲಿಸಬೇಕಾಗಿಲ್ಲ. ತನ್ನ ಮಾತಿಗೆ ತರಗತಿ ನಕ್ಕಿತೆಂದರೆ ಮಗು ಮೌನವಾಗುತ್ತದೆ. ಮೌನವಾದ ಮಗುವಿಗೆ ಯಾವ ಭಾಷೆಯನ್ನೂ ಕಲಿಸಲಾಗದು. ತಪ್ಪಿಗೂ ಭೇದಕ್ಕೂ ಇರುವ ಅಂತರವನ್ನು ಗುರುವಿಗೆ ತೋರಿಸಿಕೊಡುವುದೇ ಈ ಶಾಸ್ತ್ರದ ದೊಡ್ಡ ಉಪಕಾರ.